ಮುಂದೆ ಹುರುಳಿ ಇದೆ



ನಿಮ್ಮ ಮನೆಯ ಬಾಗಿಲ ಬಳಿಯ ಗೋಡೆಯಲ್ಲಿಯೂ ಒಂದು ಮೊಳೆ ಇರಬಹುದು. ಹೊರಗಿನಿಂದ ಬಂದವರು ಚಪ್ಪಲಿ ಕಳಚಿ, ವಾಹನದ ಕೀಲಿಯನ್ನು ಅದಕ್ಕೆ ಸಿಕ್ಕಿಸಿ ಒಳಗೆ ಬರುವಂತಹ ಒಂದು ಮೊಳೆ. ಮೈಸೂರಿನ ನಮ್ಮ ಮನೆಯ ಆ ಮೊಳೆಗೆ ಈಗ ಐವತ್ತು ವರ್ಷ. ಅದಕ್ಕೆ ನೇತುಬಿದ್ದ ಕೀಲಿಗಳನ್ನು ಲೆಕ್ಕ ಹಾಕುತ್ತ ಹೋದರೆ ನನ್ನ ಬದುಕಿನ ಕಥೆಯನ್ನೇ ಹೇಳಿದಂತಾಗುತ್ತದೆ. ನನಗೀಗ ಎಪ್ಪತ್ತೈದು ವರ್ಷ. ಚಾಲನಾ ಪರವಾನಗಿಯನ್ನು ಮತ್ತೆ ನವೀಕರಿಸುವ ಸಮಯ ಬಂದಿದೆ. ನವೀಕರಿಸಬೇಕೇ, ಬೇಡವೇ ಎಂದು ಯೋಚಿಸುತ್ತ ಕುಳಿತಾಗ ನಾನು ಓಡಿಸಿದ ವಾಹನಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದು ನಿಂತವು. ಅವುಗಳ ಜೊತೆಗೆ, ಬಹಳ ಕಾಲ ನಾನು ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿಯೂ ಬಂದು ನಿಂತಿತು. ಅದನ್ನು ನಿಮ್ಮ ಮುಂದೆ ಇಡಬೇಕೆಂಬುದೇ ಈ ಬರಹದ ಉದ್ದೇಶ.

ಮೊದಲಿಗೆ ನೆನಪಾಗುವುದು ಅಪ್ಪನ ಸೈಕಲ್. ಅಪ್ಪ ಅಶೋಕಪುರಂನ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸಕ್ಕಿದ್ದರು. ಅವರದು ಕಪ್ಪು ಬಣ್ಣದ, ಗಂಡಸರ ಎತ್ತರದ ಸೈಕಲ್. ಚಕ್ರಕ್ಕೆ ತಾಗಿ ತಿರುಗುವ ಡೈನಮೋ, ಮುಂದೆ ಒಂದು ಪುಟ್ಟ ದೀಪ. ಅದರ ಅಡ್ಡಕಂಬಿಯ ಮೇಲೆ ಟವೆಲ್ ಸುತ್ತಿ ನನ್ನನ್ನು ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಅದೇ ಸೈಕಲಿನ ಚೌಕಟ್ಟಿನೊಳಗೆ ಕಾಲು ತೂರಿಸಿ, ಒಂದು ಕಡೆಗೆ ವಾಲಿಕೊಂಡು ತುಳಿಯುತ್ತ ನಾನು ಸವಾರಿ ಕಲಿತೆ. ಮೊಣಕಾಲಿನ ಎರಡು ಗುರುತುಗಳು ಇನ್ನೂ ಅದಕ್ಕೆ ಸಾಕ್ಷಿಯಾಗಿವೆ.

ಅಪ್ಪನದೊಂದು ಅಭ್ಯಾಸವಿತ್ತು. ದಾರಿಯಲ್ಲಿ ಶಾಲೆ ಬಿಟ್ಟು ಮಕ್ಕಳು ಗುಂಪಾಗಿ ಬರುತ್ತಿದ್ದರೆ, ಇಲ್ಲವೇ ಸಂತೆಯ ಜನ ಎದುರಾದರೆ, ಅವರು ಗಂಟೆ ಬಾರಿಸುತ್ತಿರಲಿಲ್ಲ. ಸೈಕಲಿನಿಂದ ಇಳಿದು ತಳ್ಳಿಕೊಂಡು ನಡೆಯುತ್ತಿದ್ದರು. ಬೇಗ ಹೋಗುವ ಆಸೆಯಿಂದ ನಾನು, "ಬೆಲ್ ಹೊಡೀರಿ ಅಪ್ಪಾ, ಜರುಗ್ತಾರೆ" ಎನ್ನುತ್ತಿದ್ದೆ. ಅದಕ್ಕೆ ಅವರ ಉತ್ತರ ಯಾವಾಗಲೂ ಒಂದೇ: "ರಸ್ತೆ ಇರೋದು ನಡೆಯೋರಿಗೆ ಕಣೋ. ನಾವು ಅದರ ಮೇಲೆ ಸೈಕಲ್ ತಂದಿದ್ದೀವಿ, ಅಷ್ಟೆ." ಆ ಮಾತು ಆಗ ನನಗೆ ಅರ್ಥವಾಗಲಿಲ್ಲ. ಅರ್ಥವಾಗುವಷ್ಟರಲ್ಲಿ ಬಹಳ ಬೆಲೆ ತೆತ್ತಾಗಿತ್ತು.

ನನ್ನ ಬಾಲ್ಯದ ಮೈಸೂರಿನಲ್ಲಿ ಒಂದು ದೊಡ್ಡ ಸಂಗತಿ ನಡೆಯಿತು. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಮುಂಬಯಿಯ ಇರಾನಿ ಮನೆತನದವರು ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯಿಂದ ಅನುಮತಿ ಪಡೆದು ಕಟ್ಟಿದ ಕಾರ್ಖಾನೆ ಅದು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರು ಅದನ್ನು ಉದ್ಘಾಟಿಸಿದರು. ಹನ್ನೊಂದು ವರ್ಷದ ಹುಡುಗನಾಗಿದ್ದ ನಾನು ಗೆಳೆಯರೊಡನೆ ಆ ಕಾರ್ಖಾನೆಯ ಗೇಟಿನ ಎದುರು ನಿಲ್ಲುತ್ತಿದ್ದೆ. ಕೆಲಸ ಬಿಟ್ಟ ಹೊತ್ತಿನಲ್ಲಿ ಹೊರಬರುತ್ತಿದ್ದ ಬೈಕುಗಳ ಸದ್ದು, ಅವುಗಳ ಹೊಗೆಯ ಆ ಸುಟ್ಟ ಎಣ್ಣೆಯ ವಾಸನೆ, ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಫಳಫಳಿಸುವ ಲೋಹದ ಹೊಳಪು, ಇವೆಲ್ಲ ನಮ್ಮ ಪಾಲಿಗೆ ಜಾತ್ರೆಯಾಗಿದ್ದವು. ಮುಂದೆ ಎಪ್ಪತ್ತರ ದಶಕದಲ್ಲಿ ಅದೇ ಬೈಕು ಯೆಜ್ಡಿ ಎಂಬ ಹೆಸರು ಪಡೆಯಿತು. ಮಾಲೀಕರ ಪೂರ್ವಜರ ಊರಾದ ಇರಾನಿನ ಯಜ್ದ್ ಪಟ್ಟಣದ ನೆನಪು ಆ ಹೆಸರಿನಲ್ಲಿದೆ. ಮೈಸೂರಿನವರಿಗೆ ಮಾತ್ರ ಅದು ನಮ್ಮೂರ ಬೈಕು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದಾಗ, ಅಲ್ಲಿ ಕೆಲಸ ಮಾಡದವರ ಮನೆಗಳಲ್ಲಿಯೂ ಬೇಸರ ಆವರಿಸಿತ್ತು.

ಪ್ರೌಢಶಾಲೆಯ ಉಪಾಧ್ಯಾಯನಾಗಿ ಎರಡು ವರ್ಷ ಕಳೆದ ಮೇಲೆ, 1975ರಲ್ಲಿ, ಸಹೋದ್ಯೋಗಿಯೊಬ್ಬರಿಂದ ಹಳೆಯ ಜಾವಾ ಬೈಕನ್ನು ಕೊಂಡೆ. ನಮ್ಮ ಗೋಡೆಗೆ ಮೊಳೆ ಹೊಡೆದದ್ದು ಆಗಲೇ. ಇಂದಿನ ಯುವಕರಿಗೆ ಆ ಬೈಕಿನ ವಿಶೇಷವನ್ನು ಹೇಳಲೇಬೇಕು. ಅದರಲ್ಲಿ ಎಂಜಿನನ್ನು ಶುರುಮಾಡಲು ಒದೆಯುವ ಸಲಾಕೆಯೇ ಗೇರ್ ಬದಲಾಯಿಸುವ ಸಲಾಕೆಯೂ ಆಗಿತ್ತು. ಒದ್ದು ಎಂಜಿನ್ ಶುರುವಾದ ಮೇಲೆ ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರಿಗೆ ಸಿದ್ಧ. ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಪೆಟ್ರೋಲಿನ ಜೊತೆಗೆ ಎಣ್ಣೆಯನ್ನೂ ಬೆರೆಸಬೇಕಾಗಿತ್ತು. ಲೀಟರಿಗೆ 40 ಮಿಲಿಲೀಟರಿನಂತೆ ನಾನು ಅಳತೆಯ ಲೋಟದಲ್ಲಿ ಹಾಕಿಸುತ್ತಿದ್ದೆ. ಎಂಜಿನಿಗೆ ಬೇಕಾದ ಎಣ್ಣೆಯೆಲ್ಲ ಪೆಟ್ರೋಲಿನ ಜೊತೆಯಲ್ಲಿಯೇ ಒಳಹೋಗುತ್ತಿದ್ದುದರಿಂದ, ಚಾಮುಂಡಿ ಬೆಟ್ಟವನ್ನು ಇಳಿಯುವಾಗ ಬಹಳ ಹೊತ್ತು ಆಕ್ಸಿಲರೇಟರ್ ಮುಚ್ಚಿ ಜಾರಿಬಿಟ್ಟರೆ ಎಂಜಿನ್ ಎಣ್ಣೆಯಿಲ್ಲದೆ ಕಚ್ಚಿಕೊಳ್ಳುವ ಅಪಾಯವಿತ್ತು. ಹಾಗಾಗಿ ನಡುನಡುವೆ ಸ್ವಲ್ಪ ತಿರುವಿ ಅದಕ್ಕೆ 'ಕುಡಿಸಬೇಕಾಗಿತ್ತು'. ಆ ಬೈಕು ಸವಾರನ ಗಮನವನ್ನು ಕೇಳುತ್ತಿತ್ತು. ಗಮನ ಕೊಡದವನನ್ನು ದಾರಿಯಲ್ಲಿಯೇ ನಿಲ್ಲಿಸಿ ಬುದ್ಧಿ ಕಲಿಸುತ್ತಿತ್ತು.

ಅದೇ ಕಾಲದಲ್ಲಿ ನಮ್ಮ ಶಾಲೆಯ ಇಬ್ಬರು ಮೇಷ್ಟ್ರು ಬಜಾಜ್ ಚೇತಕ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದರು. ಸ್ಕೂಟರು ಕೈಗೆ ಬರುವಷ್ಟರಲ್ಲಿ ಒಬ್ಬರಿಗೆ ಮೂರು ಮಕ್ಕಳಾಗಿದ್ದರು. ಮುಂದೆ ನಿಂತ ದೊಡ್ಡ ಮಗು, ನಡುವೆ ಎರಡನೆಯದು, ಹಿಂದೆ ತಾಯಿಯ ಮಡಿಲಲ್ಲಿ ಮೂರನೆಯದು. ಬೆಳಗಿನ ಚಳಿಯಲ್ಲಿ ಸ್ಕೂಟರು ಹಟಹಿಡಿದರೆ ಅದನ್ನು ಒಂದು ಪಕ್ಕಕ್ಕೆ ಮಲಗಿಸಿ ಎಬ್ಬಿಸಿ ಒದೆಯುವುದು ನಿಮ್ಮಲ್ಲಿಯೂ ಅನೇಕರಿಗೆ ನೆನಪಿರಬಹುದು.

ನನಗೆ ಮದುವೆಯಾದದ್ದು 1977ರಲ್ಲಿ. 1982ರಲ್ಲಿ ಸಾಲ ಮಾಡಿ ಹೊಸ ಯೆಜ್ಡಿ ತಂದೆ. ಮನೆಯ ಮುಂದೆ ಅದನ್ನು ನಿಲ್ಲಿಸಿದ ದಿನ ಅಪ್ಪ ಹೊರಗೆ ಬಂದು ಸುತ್ತಲೂ ನೋಡಿ, ಬ್ರೇಕನ್ನು ಒಮ್ಮೆ ಅದುಮಿ, "ಇದು ಚೆನ್ನಾಗಿ ಹಿಡಿಯುತ್ತಾ?" ಎಂದು ಕೇಳಿದರು. ಎಷ್ಟು ವೇಗ ಹೋಗುತ್ತದೆ ಎಂದು ಕೇಳಲಿಲ್ಲ. ನನಗೆ ಸ್ವಲ್ಪ ನಿರಾಶೆಯೇ ಆಯಿತು. ಏಕೆಂದರೆ ಆ ಕಾಲಕ್ಕೆ ನನಗೆ ವೇಗದ ಹುಚ್ಚು ಹಿಡಿದಿತ್ತು. ಮೈಸೂರಿನಿಂದ ಮದ್ದೂರಿಗೆ ಎಷ್ಟು ಹೊತ್ತಿನಲ್ಲಿ ಹೋದೆ, ವಡೆ ತಿಂದು ಎಷ್ಟು ಹೊತ್ತಿನಲ್ಲಿ ಹಿಂದಿರುಗಿದೆ ಎಂಬುದನ್ನು ಉಪಾಧ್ಯಾಯರ ಕೊಠಡಿಯಲ್ಲಿ ಹೇಳಿಕೊಳ್ಳುವುದು ನನ್ನ ಹೆಮ್ಮೆಯಾಗಿತ್ತು. ಶಿಸ್ತಿನ ಮೇಷ್ಟ್ರು ಎಂದು ಹೆಸರು ಪಡೆದಿದ್ದ ನಾನು ರಸ್ತೆಗೆ ಬಂದೊಡನೆ ಬೇರೆಯೇ ಮನುಷ್ಯನಾಗುತ್ತಿದ್ದೆ.

ಈಗ ನಾನು ಹೇಳಬೇಕಾದ ಸಂಗತಿಗೆ ಬರುತ್ತೇನೆ.

1984ರ ಜನವರಿ ತಿಂಗಳು. ಕೊಳ್ಳೇಗಾಲದಲ್ಲಿ ನನ್ನ ಪತ್ನಿಯ ಚಿಕ್ಕಪ್ಪನ ಮಗಳ ಮದುವೆ. ಮಕ್ಕಳಿಬ್ಬರನ್ನೂ ಅಮ್ಮನ ಬಳಿ ಬಿಟ್ಟು ನಾವಿಬ್ಬರೂ ಯೆಜ್ಡಿಯಲ್ಲಿ ಹೊರಟೆವು. ಹೊರಡುವಾಗಲೇ ತಡವಾಗಿತ್ತು. ತಡಕ್ಕೆ ಕಾರಣ ನಾನೇ. ನೆಂಟರ ಮುಂದೆ ಬೈಕು ಹೊಳೆಯಬೇಕೆಂದು ಬೆಳಗಿನಿಂದ ಅದನ್ನು ತೊಳೆದು ಒರೆಸುತ್ತ ಕುಳಿತಿದ್ದೆ. ಕಳೆದುಹೋದ ಸಮಯವನ್ನು ರಸ್ತೆಯಲ್ಲಿ ಹಿಂದಕ್ಕೆ ಪಡೆಯಬಹುದು ಎಂಬುದು ನನ್ನ ಲೆಕ್ಕ. ಪತ್ನಿ ಆ ಕಾಲದ ಹೆಂಗಸರಂತೆ ರೇಷ್ಮೆ ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇರಲಿಲ್ಲ.

ಆ ಸೀಮೆಯ ರಸ್ತೆಗಳನ್ನು ಬಲ್ಲವರಿಗೆ ಸುಗ್ಗಿಯ ಕಾಲದ ಪರಿಚಯವಿರುತ್ತದೆ. ಡಾಂಬರು ರಸ್ತೆಯೇ ರೈತರಿಗೆ ಕಣವಾಗುತ್ತದೆ. ರಾಗಿಯ ತೆನೆಯನ್ನೋ ಹುರುಳಿಯ ಗಿಡವನ್ನೋ ರಸ್ತೆಯ ಮೇಲೆ ಹರಡುತ್ತಾರೆ. ಹೋಗಿ ಬರುವ ಬಸ್ಸು ಲಾರಿಗಳ ಚಕ್ರಗಳೇ ರೋಣಗಲ್ಲು. ತಿ. ನರಸೀಪುರ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಮುಂದೆ ಒಂದು ತಿರುವು. ತಿರುವಿಗೆ ಮೊದಲು ರಸ್ತೆಯ ಅಂಚಿನಲ್ಲಿ ಒಬ್ಬ ವೃದ್ಧ ರೈತ ನಿಂತು ಎರಡೂ ಕೈಗಳನ್ನು ಎತ್ತಿ ಬೀಸಿದ. ನಾನು ಅವನನ್ನು ನೋಡಿದೆ. ಯಾರೋ ಬೈಕ್ ಹತ್ತಿಸಿಕೊಳ್ಳಲು ಕೇಳುತ್ತಿದ್ದಾನೆ, ಹಿಂದೆ ಹೆಂಡತಿ ಕುಳಿತಿರುವುದು ಅವನಿಗೆ ಕಾಣುವುದಿಲ್ಲವೇ ಎಂದುಕೊಂಡು ವೇಗವನ್ನು ತಗ್ಗಿಸದೆ ತಿರುವಿನೊಳಗೆ ನುಗ್ಗಿದೆ.

ತಿರುವಿನ ಆಚೆ ರಸ್ತೆಯ ತುಂಬ ಹುರುಳಿ. ಮೇಲೆ ಒಣಗಿದ ಗಿಡ, ಅಡಿಯಲ್ಲಿ ಉದುರಿದ ನುಣುಪಾದ ಕಾಳು. ಬ್ರೇಕ್ ಅದುಮಿದೆ. ಅದುಮಬಾರದಾಗಿತ್ತು, ಆದರೆ ಆ ಹೊತ್ತಿಗೆ ಬೇರೇನು ಮಾಡಬಲ್ಲೆ? ಬೈಕು ಎಡಕ್ಕೆ ಮಗುಚಿ ಜಾರಿತು. ನಾನು ಹ್ಯಾಂಡಲ್ ಹಿಡಿದಿದ್ದೆ. ಅವಳಿಗೆ ಹಿಡಿಯಲು ಏನಿತ್ತು? ರಸ್ತೆಯ ಅಂಚಿನ ಕಲ್ಲುಗಳ ಮೇಲೆ ಎಡಗೈ ಊರಿ ಬಿದ್ದಳು.

ಕೈ ಬೀಸಿದ ಆ ವೃದ್ಧನೇ ಓಡಿ ಬಂದ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ತನ್ನ ಹೆಗಲ ಮೇಲಿನ ಟವೆಲನ್ನು ಹರಿದು ಅವಳ ಕೈಯನ್ನು ಕೊರಳಿಗೆ ಕಟ್ಟಿದ. ಅವನ ಮನೆಯ ಹೆಂಗಸರು ನೀರು ತಂದು ಕುಡಿಸಿದರು. ದಾರಿಯಲ್ಲಿ ಬಂದ ಒಂದು ವ್ಯಾನನ್ನು ಅಡ್ಡಹಾಕಿ ನಮ್ಮನ್ನು ಆಸ್ಪತ್ರೆಗೆ ಕಳುಹಿಸಿದ್ದೂ ಅವನೇ. ಅವನ ಹೆಸರನ್ನು ಕೇಳುವಷ್ಟು ಸೌಜನ್ಯವೂ ಆ ಗಳಿಗೆಯಲ್ಲಿ ನನಗೆ ಇರಲಿಲ್ಲ.

ಮೂಳೆ ಕೂಡಿತು, ಆದರೆ ಮೊದಲಿನಂತಾಗಲಿಲ್ಲ. ಮಣಿಕಟ್ಟು ಪೂರ್ತಿಯಾಗಿ ಮಡಚುತ್ತಿರಲಿಲ್ಲ. ಮುದ್ದೆ ತೊಳಸುವಾಗ ಎಡಗೈ ನಿಲ್ಲದೆ ಅವಳು ಸೌದೆ ಒಲೆಯ ಮುಂದೆ ತುಟಿ ಕಚ್ಚಿಕೊಳ್ಳುವುದನ್ನು ನೋಡಿ ಅಂದಿನಿಂದ ಮನೆಯಲ್ಲಿ ಮುದ್ದೆ ತೊಳಸುವ ಕೆಲಸವನ್ನು ನಾನು ವಹಿಸಿಕೊಂಡೆ. ನೆರೆಹೊರೆಯವರು ಮೆಚ್ಚಿದರು. ನೆಂಟರಿಗೆ ಮಾತ್ರ ನಾನು ಹೇಳಿದ್ದು ಒಂದೇ ಮಾತು: "ಈ ರೈತರಿಗೆ ಬುದ್ಧಿ ಇಲ್ಲ, ರಸ್ತೆಯನ್ನೇ ಕಣ ಮಾಡಿಕೊಂಡಿದ್ದಾರೆ." ರಸ್ತೆಯ ಮೇಲೆ ಒಕ್ಕಣೆ ಮಾಡುವುದು ಅಪಾಯಕರವೇ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ರೈತ ಎರಡೂ ಕೈ ಎತ್ತಿ ಎಚ್ಚರಿಸಿದ್ದನೆಂಬುದನ್ನು ನಾನು ಯಾರಿಗೂ ಹೇಳಲಿಲ್ಲ. ಪತ್ನಿ ಪಕ್ಕದಲ್ಲಿಯೇ ಇದ್ದು ನನ್ನ ಮಾತನ್ನು ಕೇಳಿಸಿಕೊಳ್ಳುತ್ತಿದ್ದಳು. ಏನೂ ಹೇಳುತ್ತಿರಲಿಲ್ಲ.

ಐದಾರು ತಿಂಗಳ ನಂತರ ಅವಳು ಮತ್ತೆ ಬೈಕಿನ ಹಿಂದೆ ಕುಳಿತಳು. ಕುಳಿತ ಮೇಲೆ ಮೊದಲ ಬಾರಿಗೆ ಒಂದು ಮಾತು ಹೇಳಿದಳು: "ರೀ, ಮುಂದೆ ಹುರುಳಿ ಇದೆ." ನಾನು ಬೆಚ್ಚಿ ರಸ್ತೆಯನ್ನು ನೋಡಿದೆ. ನಾವಿದ್ದದ್ದು ಮೈಸೂರಿನ ನಮ್ಮ ಬೀದಿಯಲ್ಲಿ, ಎಲ್ಲಿಯ ಹುರುಳಿ? ಅವಳು ನಗುತ್ತಿದ್ದಳು. ಅಂದಿನಿಂದ ಅದು ನಮ್ಮ ಮನೆಯ ಮಾತಾಯಿತು. ನಾನು ವೇಗ ಹೆಚ್ಚಿಸಿದರೆ, ಬಸ್ಸನ್ನು ಹಿಂದೆ ಹಾಕಲು ಹೊರಟರೆ, ಯಾರ ಮೇಲಾದರೂ ಸಿಟ್ಟಿಗೆದ್ದು ಹಾರನ್ ಒತ್ತಿದರೆ, ಹಿಂದಿನಿಂದ ಮೆಲ್ಲನೆಯ ದನಿ: "ಮುಂದೆ ಹುರುಳಿ ಇದೆ." ಬೈಗುಳವಿಲ್ಲ, ಉಪದೇಶವಿಲ್ಲ. ಮಕ್ಕಳೂ ಅದನ್ನು ಕಲಿತವು.

1991ರಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಮನೆಗೆ ಬಂದಿತು. ಸ್ಟಿಯರಿಂಗಿನ ಪಕ್ಕದಲ್ಲಿಯೇ ಗೇರಿನ ಸಲಾಕೆ. ಮುಂದಿನ ಆಸನ ಬೆಂಚಿನ ಹಾಗೆ ಒಂದೇ ಉದ್ದಕ್ಕೆ. ಮಗಳು ನಮ್ಮಿಬ್ಬರ ನಡುವೆ ಕೂರಲು ಜಗಳವಾಡುತ್ತಿದ್ದಳು. ಸೀಟ್ ಬೆಲ್ಟ್ ಕಟ್ಟುವ ಅಭ್ಯಾಸ ಆಗ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಈ ಕಾರಿನಲ್ಲಿ ನಾನು ಇನ್ನೊಂದು ಕೆಟ್ಟ ಅಭ್ಯಾಸ ಬೆಳೆಸಿಕೊಂಡೆ. ಪೆಟ್ರೋಲ್ ಉಳಿಸಲೆಂದು ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ ಮಾಡಿ ಜಾರಿಸಿಬಿಡುತ್ತಿದ್ದೆ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದೆಳೆಯುತ್ತದೆ. ನ್ಯೂಟ್ರಲ್ ಮಾಡಿದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇದನ್ನು ನನಗೆ ತಿಳಿಸಿದವನು ನಮ್ಮ ಬೀದಿಯ ಮೆಕ್ಯಾನಿಕ್. ಶಾಲೆಯಲ್ಲಿ ನನ್ನಿಂದ ಪೆಟ್ಟು ತಿಂದಿದ್ದ ಹುಡುಗ ಅವನು. "ಸಾರ್, ನಾಲ್ಕಾಣೆ ಪೆಟ್ರೋಲ್ ಉಳಿಸೋಕೆ ಹೋಗಿ ಮಕ್ಕಳನ್ನ ಪಣಕ್ಕಿಡ್ತೀರಾ?" ಎಂದ. ಮೇಷ್ಟ್ರಿಗೆ ಪಾಠವಾಯಿತು.

ಆ ಕಾರಿನ ದಿನಗಳಲ್ಲಿಯೇ ಅವಳ ಮಾತು ನಮ್ಮೆಲ್ಲರ ಜೀವ ಉಳಿಸಿತು. 1996ರ ಒಂದು ರಾತ್ರಿ ಬೆಂಗಳೂರಿನಿಂದ ಮರಳುತ್ತಿದ್ದೆವು. ಮದ್ದೂರು ದಾಟಿದ ಮೇಲೆ ಮುಂದೆ ಒಂದು ಲಾರಿ ಬಹಳ ಹೊತ್ತಿನಿಂದ ದಾರಿ ಬಿಟ್ಟಿರಲಿಲ್ಲ. ಎದುರಿನಿಂದ ಬಂದ ಬಸ್ಸಿನವನು ಹೆಡ್‌ಲೈಟ್ ಡಿಮ್ ಮಾಡಲಿಲ್ಲವೆಂದು ನಾನೂ ಹಟದಿಂದ ಡಿಮ್ ಮಾಡಲಿಲ್ಲ. ಕಣ್ಣು ಕೋರೈಸಿತ್ತು. ಬಸ್ಸು ಹಾದುಹೋದ ಕೂಡಲೇ ಲಾರಿಯನ್ನು ಹಿಂದೆ ಹಾಕಲು ಬಲಕ್ಕೆ ತಿರುಗಿಸಿದೆ. "ಮುಂದೆ ಹುರುಳಿ ಇದೆ ರೀ." ಕಾಲು ತಾನಾಗಿ ಹಿಂದೆ ಸರಿಯಿತು. ಕಾರನ್ನು ಮತ್ತೆ ಲಾರಿಯ ಹಿಂದಕ್ಕೆ ತಂದೆ. ಕ್ಷಣಮಾತ್ರದಲ್ಲಿ ಎದುರು ಬದಿಯಲ್ಲಿ, ದೀಪವೇ ಇಲ್ಲದೆ, ಕಬ್ಬು ತುಂಬಿದ ಗಾಡಿಯೊಂದು ಕತ್ತಲೆಯೇ ನಡೆದು ಬಂದಂತೆ ನಮ್ಮನ್ನು ದಾಟಿಹೋಯಿತು. ಯಾರೂ ಮಾತನಾಡಲಿಲ್ಲ. ಮಂಡ್ಯದಲ್ಲಿ ಕಾರು ನಿಲ್ಲಿಸಿ ಚಹಾ ಕುಡಿಯುವಾಗ ನನ್ನ ಕೈ ನಡುಗುತ್ತಿತ್ತು. ಲೋಟವನ್ನು ಅವಳು ಹಿಡಿದುಕೊಂಡಳು.

2001ರಲ್ಲಿ ಮಾರುತಿ 800 ಬಂದಿತು. 1983ರಲ್ಲಿ ಈ ಕಾರು ಮೊದಲ ಬಾರಿಗೆ ರಸ್ತೆಗಿಳಿದಾಗ ಉಪಾಧ್ಯಾಯರ ಸಂಬಳಕ್ಕೆ ಅದು ಎಟುಕುವ ವಸ್ತುವಾಗಿರಲಿಲ್ಲ. 2014ರಲ್ಲಿ ಅದರ ತಯಾರಿಕೆ ನಿಂತಿತು. ಅದೇ ವರ್ಷ ಅಂಬಾಸಡರ್ ಕಾರಿನ ತಯಾರಿಕೆಯೂ ನಿಂತಿತು. ಒಂದು ಕಾಲವೇ ಮುಗಿದಂತಾಯಿತು. ಮಾರುತಿಯಲ್ಲಿ ಕುಳಿತಾಗ ನನಗೊಂದು ವಿಷಯ ಹೊಳೆಯಿತು. ಹಳೆಯ ವಾಹನಗಳು ವೇಗವನ್ನು ಮುಚ್ಚಿಡುತ್ತಿರಲಿಲ್ಲ. ಜಾವಾ ಬೈಕಿನಲ್ಲಿ 60 ಕಿಲೋಮೀಟರ್ ವೇಗವೆಂದರೆ ಗಾಳಿ ಮುಖಕ್ಕೆ ಹೊಡೆದು ಹೇಳುತ್ತಿತ್ತು, ಹ್ಯಾಂಡಲ್ ನಡುಗಿ ಹೇಳುತ್ತಿತ್ತು. ಗಾಜು ಮುಚ್ಚಿದ ಹೊಸ ಕಾರಿನಲ್ಲಿ ವೇಗ ಸದ್ದಿಲ್ಲದೆ ಏರುತ್ತದೆ. ವಾಹನ ನಮ್ಮನ್ನು ಏನನ್ನೂ ಕೇಳುವುದಿಲ್ಲ. ನಾವೂ ನಮ್ಮನ್ನು ಕೇಳಿಕೊಳ್ಳುವುದಿಲ್ಲ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಅಂದರೆ ಅಪಾಯವನ್ನು ಕಂಡು ಕಾಲನ್ನು ಬ್ರೇಕಿನ ಮೇಲೆ ಇಡುವಷ್ಟರಲ್ಲಿಯೇ ನಾಲ್ಕು ಕಾರುಗಳ ಉದ್ದವನ್ನು ದಾಟಿರುತ್ತೇವೆ. ಬ್ರೇಕ್ ಹಿಡಿಯುವುದು ಆಮೇಲೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಇನ್ನು ಉಳಿತಾಯವನ್ನು ನೋಡಿ. 60 ಕಿಲೋಮೀಟರ್ ದಾರಿಯನ್ನು 60ರ ಬದಲು 70ರ ವೇಗದಲ್ಲಿ ಹೋದರೆ ಉಳಿಯುವುದು ಒಂಬತ್ತು ನಿಮಿಷ ಮಾತ್ರ. ಆ ಒಂಬತ್ತು ನಿಮಿಷಕ್ಕಾಗಿ ನಾನು ಅಂದು ಒಂದು ಕೈಯನ್ನು ತೆತ್ತೆ. ನನ್ನ ಕೈಯನ್ನಲ್ಲ, ಇನ್ನೊಬ್ಬರ ಕೈಯನ್ನು. ಕೇಂದ್ರ ಸರ್ಕಾರದ ವರದಿಯಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ. "ಅವಸರವೇ ಅಪಘಾತಕ್ಕೆ ಕಾರಣ" ಎಂಬ ಫಲಕವನ್ನು ನಾವೆಲ್ಲರೂ ಓದಿದ್ದೇವೆ. ಓದಿ ಮುಗಿಯುವುದರೊಳಗೆ ಅದನ್ನು ದಾಟಿ ಹೋಗಿರುತ್ತೇವೆ.

2016ರ ಕೊನೆಯಲ್ಲಿ ನನ್ನ ಪತ್ನಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಅವಳ ಎಡಗೈಗೆ ಎಣ್ಣೆ ಹಚ್ಚುತ್ತ ಕುಳಿತಿದ್ದೆ. ಮೂವತ್ತೆರಡು ವರ್ಷ ಹೊತ್ತುಕೊಂಡಿದ್ದ ಮಾತನ್ನು ಇನ್ನು ಹೊರಲಾರೆನೆನಿಸಿತು. "ಅವತ್ತು ಆ ಮುದುಕಪ್ಪ ಕೈ ಬೀಸಿದ್ದನ್ನ ನಾನು ನೋಡಿದ್ದೆ. ನೋಡಿಯೂ ನಿಧಾನ ಮಾಡಲಿಲ್ಲ" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನಾನೂ ನೋಡಿದ್ದೆ ರೀ. ನಿಧಾನ ಅಂತ ಕೂಗಿದೆ, ಗಾಳಿಗೆ ನಿಮಗೆ ಕೇಳಿಸಲಿಲ್ಲ. ಆಮೇಲೆ ನಿಮ್ಮ ಬೆನ್ನು ತಟ್ಟಿದೆ. ನೀವು ಇನ್ನೂ ಜೋರಾಗಿ ಬಿಟ್ಟಿರಿ."

ಓದುಗರೇ, ನನಗೆ ಆ ತಟ್ಟಿದ್ದು ನೆನಪಿತ್ತು. ಹೊಸ ಬೈಕು, ತಣ್ಣನೆಯ ಗಾಳಿ, ಹಿಂದೆ ಹೆಂಡತಿ. ಅವಳು ನನ್ನ ಸವಾರಿಯನ್ನು ಮೆಚ್ಚಿ ಬೆನ್ನು ತಟ್ಟುತ್ತಿದ್ದಾಳೆಂದೇ ನಾನು ತಿಳಿದಿದ್ದೆ! ನಮ್ಮ ಭಾಷೆಯಲ್ಲಿ ಬೆನ್ನು ತಟ್ಟುವುದೆಂದರೆ ಶಹಬ್ಬಾಸ್ ಎಂದಲ್ಲವೇ? ಭಯದಿಂದ ತಟ್ಟಿದ ಕೈಯನ್ನು ಹೊಗಳಿಕೆಯೆಂದು ತಿಳಿಯುವಷ್ಟು ನಾನು ನನ್ನಲ್ಲಿಯೇ ಮುಳುಗಿದ್ದೆ. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ಹೇಳ್ತಾನೇ ಇದ್ದೆನಲ್ಲ" ಎಂದು ನಕ್ಕಳು. ಹೌದು, ಹೇಳುತ್ತಲೇ ಇದ್ದಳು. ಮುಂದೆ ಹುರುಳಿ ಇದೆ ಎಂದು ಮೂವತ್ತೆರಡು ವರ್ಷ ಹೇಳಿದ್ದಳು. ಮರುವರ್ಷ ಅವಳು ನಮ್ಮನ್ನು ಅಗಲಿದಳು.

2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟಿನಿಂದ ಅದರ ಮುಖ್ಯ ಪಥಗಳಲ್ಲಿ ಬೈಕುಗಳಿಗೂ ಆಟೋಗಳಿಗೂ ಪ್ರವೇಶವಿಲ್ಲ. ನಮ್ಮ ಯೆಜ್ಡಿಗೂ ಅಲ್ಲಿ ಜಾಗವಿಲ್ಲ. ಮಗನ ಹೊಸ ಕಾರಿನಲ್ಲಿ ಕ್ಲಚ್ ಇಲ್ಲ, ಗೇರ್ ತಾನಾಗಿಯೇ ಬದಲಾಗುತ್ತದೆ. ಮಗ ಬೇಡವೆಂದರೂ ಒಂದು ದಿನ ಅದನ್ನು ನಮ್ಮ ಬಡಾವಣೆಯಲ್ಲಿ ಓಡಿಸಿದೆ. ವೇಗ ತಗ್ಗಿಸುವಾಗ ನನ್ನ ಎಡಗಾಲು ಹಳೆಯ ಅಭ್ಯಾಸದಂತೆ ಇಲ್ಲದ ಕ್ಲಚ್ಚನ್ನು ಹುಡುಕಿ ಬಲವಾಗಿ ತುಳಿಯಿತು. ಅದು ಬ್ರೇಕ್! ಕಾರು ನಿಂತ ರಭಸಕ್ಕೆ ಎಲ್ಲರೂ ಮುಂದಕ್ಕೆ ವಾಲಿದರು. ಬೆಲ್ಟ್ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಐವತ್ತು ವರ್ಷದ ಅಭ್ಯಾಸ ನಮ್ಮ ಅನುಮತಿಯನ್ನು ಕೇಳಿ ಕಾಲನ್ನು ಒತ್ತುವುದಿಲ್ಲ. ಒಳ್ಳೆಯ ಅಭ್ಯಾಸವೂ ಹಾಗೆಯೇ, ಕೆಟ್ಟದ್ದೂ ಹಾಗೆಯೇ.

ಪರವಾನಗಿಯ ವಿಷಯಕ್ಕೆ ಬರೋಣ. ಈ ವಯಸ್ಸಿನಲ್ಲಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ವೈದ್ಯರ ಪ್ರಮಾಣಪತ್ರ ಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಫಲಕವನ್ನು ಗುರುತಿಸಬಲ್ಲಿರಾ ಎಂಬ ಪ್ರಶ್ನೆ ಅರ್ಜಿಯಲ್ಲಿದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ನಾನು ಗುರುತಿಸಬಲ್ಲೆ. ರಾತ್ರಿ ಎದುರು ದೀಪ ಬಿದ್ದಾಗ ಕಣ್ಣು ಮತ್ತೆ ಕಾಣಲು ಎಷ್ಟು ಹೊತ್ತು ಬೇಕೆಂದು ಅದು ಕೇಳುವುದಿಲ್ಲ. ಹಿಂದೆ ಕುಳಿತವರ ಮಾತು ನಿಮಗೆ ಕೇಳಿಸುತ್ತದೆಯೇ ಎಂದೂ ಕೇಳುವುದಿಲ್ಲ. ಆ ಎರಡು ಪ್ರಶ್ನೆಗಳನ್ನು ನಾನೇ ಕೇಳಿಕೊಂಡೆ. ಅರ್ಜಿಯನ್ನು ತುಂಬದೆ ಮಡಚಿ ಮೇಜಿನ ಡ್ರಾಯರಿನಲ್ಲಿಟ್ಟೆ. ದುಃಖವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಸಂಜೆ ಹೊರಗೆ ಹೋಗಬೇಕೆನಿಸಿದಾಗ ಕೈ ಈಗಲೂ ಮೊಳೆಯ ಕಡೆಗೆ ಹೋಗುತ್ತದೆ.

ಯೆಜ್ಡಿಯನ್ನು ನಾವು ಮಾರಲಿಲ್ಲ. ಅದರ ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸುತ್ತ ಬಂದಿದ್ದೇವೆ. ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳಿಗೆ ಅದರ ಮೇಲೆ ಮೋಹ. ಪರವಾನಗಿ ಪಡೆದು, ನಮ್ಮ ಹಳೆಯ ಮೆಕ್ಯಾನಿಕ್ ಬಳಿ ಆ ಒದೆಯುವ ಸಲಾಕೆಯ ಗುಟ್ಟನ್ನೂ ಎಣ್ಣೆಯ ಅಳತೆಯನ್ನೂ ಕಲಿತಳು. ಮೊನ್ನೆ ಒಂದು ಸಂಜೆ, "ಬಾ ತಾತ, ಹಿಂದೆ ಕೂತ್ಕೋ" ಎಂದಳು. ಇಬ್ಬರೂ ಹೆಲ್ಮೆಟ್ ಹಾಕಿಕೊಂಡೆವು. ಆ ಬೈಕಿನ ಹಿಂದಿನ ಸೀಟಿನಲ್ಲಿ ನಾನು ಕುಳಿತದ್ದು ಅದೇ ಮೊದಲು.

ಹಿಂದೆ ಕುಳಿತವರಿಗೆ ಏನೇನು ಇರುವುದಿಲ್ಲ ಎಂಬುದು ಆಗ ನನಗೆ ತಿಳಿಯಿತು. ಹ್ಯಾಂಡಲ್ ಇಲ್ಲ, ಬ್ರೇಕ್ ಇಲ್ಲ, ಮುಂದಿನದು ಪೂರ್ತಿಯಾಗಿ ಕಾಣುವುದೂ ಇಲ್ಲ. ಇರುವುದು ಮುಂದೆ ಕುಳಿತವರ ಬೆನ್ನು ಮಾತ್ರ. ತಿರುವಿನಲ್ಲಿ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಗಾಳಿಯಲ್ಲಿ ತುಳಿಯುತ್ತಿತ್ತು. ನನ್ನ ಪತ್ನಿ ಇಷ್ಟನ್ನೂ ವರ್ಷಗಟ್ಟಲೆ ಅನುಭವಿಸಿದ್ದಳು. ರಸ್ತೆ ದಾಟುವ ಮುದುಕಿ, ಅಂಚಿನಲ್ಲಿ ಸೈಕಲ್ ತುಳಿಯುವ ಹುಡುಗ, ಅಡ್ಡ ಬರುವ ದನ, ಕಣ ಮಾಡಿಕೊಂಡು ಕುಳಿತ ರೈತ, ಇವರಿಗೂ ಬ್ರೇಕ್ ಇಲ್ಲ. ಅವರೆಲ್ಲರ ಬ್ರೇಕು ನಮ್ಮ ಕಾಲಿನ ಅಡಿಯಲ್ಲಿದೆ. ಅಪ್ಪ ಜನರನ್ನು ಕಂಡು ಸೈಕಲಿನಿಂದ ಇಳಿದು ನಡೆಯುತ್ತಿದ್ದುದರ ಅರ್ಥವೂ ಇದೇ ಇರಬೇಕು.

ಮುಂದೆ ಒಂದು ಶಾಲೆ. ಆಗ ತಾನೇ ಬಿಟ್ಟಿತ್ತು. ಮೊಮ್ಮಗಳು ತುಸು ವೇಗದಲ್ಲಿಯೇ ಇದ್ದಳು. ನಾನು ಮೆಲ್ಲನೆ ಅವಳ ಬೆನ್ನು ತಟ್ಟಿದೆ. ಕೂಡಲೇ ವೇಗ ತಗ್ಗಿತು. ತಲೆಯನ್ನು ಸ್ವಲ್ಪ ವಾಲಿಸಿ, "ಏನು ತಾತ?" ಎಂದಳು.

"ಏನಿಲ್ಲಮ್ಮ, ಮುಂದೆ ಹುರುಳಿ ಇದೆ" ಎಂದೆ.

"ಅಜ್ಜಿ ಥರಾನೇ ಹೇಳ್ತೀಯ" ಎಂದು ನಗುತ್ತ ಅವಳು ಬೈಕನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು. ಮಕ್ಕಳು ಕೈ ಕೈ ಹಿಡಿದುಕೊಂಡು ರಸ್ತೆ ದಾಟಿದರು.

ನಿಮ್ಮ ಮನೆಯ ಮೊಳೆಯಿಂದ ನಾಳೆ ಬೆಳಿಗ್ಗೆ ಕೀಲಿ ತೆಗೆಯುವಾಗ ಇದನ್ನೊಮ್ಮೆ ನೆನಪಿಸಿಕೊಳ್ಳಿ. ಹಿಂದಿನಿಂದ ಒಂದು ಕೈ ನಿಮ್ಮ ಬೆನ್ನು ತಟ್ಟಿದರೆ, ಪಕ್ಕದಿಂದ ಒಂದು ದನಿ "ರೀ" ಎಂದರೆ, ಹಿಂದಿನ ಆಸನದಲ್ಲಿ ಮಗುವೊಂದು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರೆ, ಅದು ನಿಮ್ಮ ಚಾಲನೆಗೆ ದೊರೆತ ಮೆಚ್ಚುಗೆಯೆಂದು ತಿಳಿಯಬೇಡಿ. ಒಮ್ಮೆ ನಿಧಾನಿಸಿ, ಏನೆಂದು ಕೇಳಿ.